ಮಸಿಯಲ್ಲಿ ಬರೆದ ಹೆಂಗಸರು, ಒಂದು ಕಣ್ಣೀರಿನ ಹನಿ

ಹೋದ ವರ್ಷ ಯುಗಾದಿ ಕಳೆದ ಮೇಲೆ ನಮ್ಮ ವಾಚನಾಲಯದ ಒಳಗೋಡೆಗೆ ಉದ್ದಕ್ಕೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ, ಮಕ್ಕಳು ಕಪ್ಪು ಮಸಿಯಲ್ಲಿ ಬರೆದ ಹೆಂಗಸರ ಚಿತ್ರಗಳನ್ನು ತೂಗುಹಾಕಿದ್ದೆವು. ಹಿಂದೂಪುರದ ಸುತ್ತಿನ ಶಾಲೆಗಳಿಂದ ಬಂದದ್ದು ಕೆಲವು. ಕಲ್ಯಾಣದುರ್ಗದ ಕಡೆ ಕೆಲಸದಲ್ಲಿರುವ ನನ್ನ ಸ್ನೇಹಿತರೊಬ್ಬರು ಹಳೇ ಕ್ಯಾಲೆಂಡರಿನಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸಿದ್ದು ಕೆಲವು. ಮಕ್ಕಳಿಗೆ ಹೇಳಿದ್ದು ಇಷ್ಟೇ: ನಿಮಗೆ ಗೊತ್ತಿರೋ ಒಬ್ಬ ಹೆಂಗಸನ್ನ ಬರೀರಿ, ಬಣ್ಣ ಬೇಡ, ಬರೀ ಮಸಿ.

ನೋಡಲು ಬಂದವರೆಲ್ಲ ಮೆಚ್ಚಿದರು. ನನಗೂ ಖುಷಿಯಾಯಿತು. ಎರಡನೇ ದಿನ ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ಒಬ್ಬನೇ ಒಂದೊಂದಾಗಿ ನೋಡುತ್ತಾ ಹೋದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅರ್ಧಕ್ಕಿಂತ ಹೆಚ್ಚು ಚಿತ್ರಗಳಲ್ಲಿ ಹೆಂಗಸಿಗೆ ಎರಡು ದೊಡ್ಡ ಕಣ್ಣು, ಒಂದು ಕಣ್ಣಿನ ಕೆಳಗೆ ಒಂದು ಹನಿ. ಊರು ಬೇರೆ, ಶಾಲೆ ಬೇರೆ, ಬರೆದ ಮಗು ಬೇರೆ. ಹನಿ ಮಾತ್ರ ಒಂದೇ. ಅಜ್ಜಿ ಅಳುತ್ತಾಳೆ, ಅಮ್ಮ ಅಳುತ್ತಾಳೆ, ಅಂಗನವಾಡಿ ಟೀಚರೂ ಅಳುತ್ತಾರೆ. ನಮ್ಮ ಸೀಮೆಯ ಹೆಂಗಸರು ಹೀಗೆ ಸಾಲಾಗಿ ಕೂತು ಅಳುವುದನ್ನು ನಾನಂತೂ ಸಾವಿನ ಮನೆ ಬಿಟ್ಟು ಬೇರೆಲ್ಲೂ ನೋಡಿಲ್ಲ.

ಆ ಹನಿಗಳಲ್ಲಿ ಒಂದನ್ನು ಬರೆಸಿದವನು ನಾನೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ಚಿತ್ರದಲ್ಲಿ ಭಾವ ಎಲ್ಲಿರುತ್ತದೆ ಎಂದು ಯಾರನ್ನು ಕೇಳಿದರೂ 'ಕಣ್ಣಲ್ಲಿ' ಅನ್ನುತ್ತಾರೆ. ಡ್ರಾಯಿಂಗ್ ಮೇಷ್ಟ್ರು ಅನ್ನುತ್ತಾರೆ, ಸಿನಿಮಾ ನೋಡುವವರೂ ಅನ್ನುತ್ತಾರೆ. ಹಾಗಾದರೆ ಒಂದು ಭಾನುವಾರ ಲೇಪಾಕ್ಷಿಗೆ ಹೋಗಿ ಬನ್ನಿ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರು. ನಾವು ಬಸವಣ್ಣನ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ತೂಗುವ ಕಂಬದ ಕೆಳಗೆ ಟವಲು ಎಳೆದು ನೋಡಿ, ವಾಪಸ್ ಬಸ್ಸು ಹತ್ತುವ ಜನ. ತಲೆ ಎತ್ತಿ ಮೇಲ್ಛಾವಣಿ ನೋಡುವವರು ಕಡಿಮೆ. ನೋಡಿದರೂ ಕುತ್ತಿಗೆ ನೋವು ಅಂತ ಎರಡು ನಿಮಿಷಕ್ಕೆ ಬಿಡುತ್ತಾರೆ. ಬೆಳಗಿನ ಹೊತ್ತು ಹೋಗಿ, ಕಂಬಕ್ಕೆ ಒರಗಿ ನೆಲದ ಮೇಲೆ ಕೂತು ನೋಡಬೇಕು.

ಆ ಗುಡಿ ಅಚ್ಯುತರಾಯನ ಕಾಲದ್ದು, ಎಂದರೆ 1529ರಿಂದ 1542ರ ನಡುವೆ ಆಳಿದ ವಿಜಯನಗರದ ದೊರೆಯ ಕಾಲದ್ದು. ಪೆನುಗೊಂಡೆಯ ಅಧಿಕಾರದಲ್ಲಿದ್ದ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ್ದು ಎನ್ನುತ್ತಾರೆ. ಗೋಡೆಯ ಶಾಸನಗಳಲ್ಲಿ ನಮ್ಮ ಕನ್ನಡದವೂ ಇವೆ. ಛಾವಣಿಗೆ ಸುಣ್ಣದ ಗಾರೆ ಬಳಿದು, ಅದರ ಮೇಲೆ ಪಾರ್ವತಿ ಕಲ್ಯಾಣ, ಕಿರಾತಾರ್ಜುನೀಯ, ದ್ರೌಪದಿ ಸ್ವಯಂವರ ಇವೆಲ್ಲವನ್ನೂ ಬರೆದಿದ್ದಾರೆ. ಹಿನ್ನೆಲೆ ಬಹುಮಟ್ಟಿಗೆ ಕೆಂಪುಮಣ್ಣಿನ ಬಣ್ಣ, ನಮ್ಮ ಹೊಲದ್ದೇ ಅನ್ನಿ. ಆದರೆ ಚಿತ್ರವನ್ನು ಹಿಡಿದು ನಿಲ್ಲಿಸಿರುವುದು ಕಪ್ಪು ಗೆರೆ. ಎಷ್ಟೋ ಕಡೆ ಬಣ್ಣ ಮಾಸಿದೆ, ಗಾರೆ ಉದುರಿದೆ, ಗೆರೆ ಉಳಿದಷ್ಟು ಕಡೆ ಹೆಂಗಸು ಉಳಿದಿದ್ದಾಳೆ. ಹಾಗಾಗಿ ಅದನ್ನು ಮಸಿಯ ಚಿತ್ರ ಎಂದೇ ನಾನು ನೋಡುತ್ತೇನೆ. ಪಂಡಿತರು ಒಪ್ಪದಿದ್ದರೆ ಬೇಡ.

ಅಲ್ಲಿಯ ಹೆಂಗಸರ ಮುಖಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ. ಬಹುತೇಕ ಎಲ್ಲರೂ ಪಕ್ಕಕ್ಕೆ ತಿರುಗಿದ್ದಾರೆ. ಚೂಪು ಮೂಗು, ಚೂಪು ಗಲ್ಲ, ಮೀನಿನಂಥ ದೊಡ್ಡ ಕಣ್ಣು, ಹಿಂದಕ್ಕೆ ಕಟ್ಟಿದ ದೊಡ್ಡ ತುರುಬು. ಮುಖ ಮಾತ್ರ ಕತ್ತರಿಸಿ ಕೊಟ್ಟರೆ ಪಾರ್ವತಿ ಯಾರು, ಸಖಿ ಯಾರು ಎಂದು ಹೇಳುವುದು ಕಷ್ಟ. ಕಣ್ಣಂತೂ ಎಲ್ಲರದ್ದೂ ಒಂದೇ. ಕಣ್ಣಲ್ಲೇ ಭಾವ ಇರುವುದಾದರೆ ಅಷ್ಟು ಜನಕ್ಕೂ ಒಂದೇ ಭಾವ ಇರಬೇಕಿತ್ತು. ಆದರೆ ಹಾಗೆ ಕಾಣುವುದಿಲ್ಲ. ಮದುವೆಗೆ ಪಾರ್ವತಿಯನ್ನು ಸಿಂಗರಿಸುವ ಗುಂಪಿನಲ್ಲಿ ಸಂಭ್ರಮ ಇದೆ, ಗಡಿಬಿಡಿ ಇದೆ. ಅದು ಸೊಂಟದ ಬಾಗಿನಲ್ಲಿದೆ, ಬೆರಳಿನ ಮಡಿಕೆಯಲ್ಲಿದೆ, ಒಬ್ಬಳ ಸೀರೆಯ ಸೆರಗು ಇನ್ನೊಬ್ಬಳಿಗೆ ತಗುಲುವಂತೆ ಒತ್ತೊತ್ತಾಗಿ ನಿಲ್ಲಿಸಿರುವುದರಲ್ಲಿದೆ. ಮದುವೆಮನೆಯ ಒಳಕೋಣೆಯ ಬಾಗಿಲಲ್ಲಿ ನಿಂತು ನೋಡಿದವರಿಗೆ ಇದು ಗೊತ್ತು. ಒಳಗಿರುವವರ ಮುಖ ನಮಗೆ ಕಾಣುವುದೇ ಇಲ್ಲ, ಬೆನ್ನು ಕಾಣುತ್ತದೆ, ಮೊಣಕೈ ಕಾಣುತ್ತದೆ. ಆದರೂ ಒಳಗಿನ ಗದ್ದಲ ತಿಳಿಯುತ್ತದೆ.

ಸೀರೆಗಳ ಮಾತು ಬಂದಾಗ ಒಂದು ಹೇಳಬೇಕು. ಅಲ್ಲಿಯ ಪಟ್ಟೆ, ಚೌಕಳಿ, ಬಳ್ಳಿಯ ಅಂಚುಗಳನ್ನು ನೇಕಾರರು, ಬಟ್ಟೆಗೆ ಅಚ್ಚು ಹಾಕುವವರು ಎತ್ತಿಕೊಂಡು ಮಾರಿದರು. ಆಂಧ್ರದ ಸರ್ಕಾರಿ ಕರಕುಶಲ ಅಂಗಡಿಗೆ 'ಲೇಪಾಕ್ಷಿ' ಅಂತಲೇ ಹೆಸರು. ಸೀರೆ ಊರೂರು ತಿರುಗಿತು, ಉಟ್ಟವಳ ನಿಲುವನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಲೇಪಾಕ್ಷಿಯಲ್ಲಿ ನನ್ನ ಲೆಕ್ಕಕ್ಕೆ ಅತಿ ದೊಡ್ಡ ದುಃಖ ಇರುವುದು ಒಬ್ಬ ತಾಯಿಯಲ್ಲಿ. ಆ ತಾಯಿ ಹೆಂಗಸಲ್ಲ, ಹಸು. ಮನುನೀತಿ ಚೋಳನ ಕಥೆ ಆ ಛಾವಣಿಯಲ್ಲಿದೆ. ರಾಜಕುಮಾರನ ರಥದ ಕೆಳಗೆ ಕರು ಸತ್ತಿತು, ಹಸು ಬಂದು ನ್ಯಾಯದ ಗಂಟೆಯನ್ನು ಎಳೆಯಿತು, ರಾಜ ತನ್ನ ಮಗನಿಗೂ ಅದೇ ಗತಿ ಆಗಲಿ ಎಂದ. ಪುಣ್ಯಕೋಟಿಯ ಹಾಡು ಕೇಳಿ ಬೆಳೆದ ನಮಗೆ ಇದನ್ನು ವಿವರಿಸಬೇಕಿಲ್ಲ. ಹಸುವಿಗೆ ಕಣ್ಣೀರು ಬರೆಯಬೇಕಾದ ಅವಶ್ಯಕತೆ ಆ ಕಲಾವಿದನಿಗೆ ಬರಲಿಲ್ಲ. ಅವಳು ಒಂದು ಕೆಲಸ ಮಾಡುತ್ತಾಳೆ: ಗಂಟೆ ಬಾರಿಸುತ್ತಾಳೆ. ದುಃಖಕ್ಕೆ ಒಂದು ಕೆಲಸ ಕೊಟ್ಟರೆ ಅದು ನೋಡುವವನಿಗೆ ತಟ್ಟುತ್ತದೆ ಅಂತ ನನಗೆ ಅನ್ನಿಸಿದ್ದು ಅಲ್ಲಿ.

ಅದೇ ಗುಡಿಯ ಗೋಡೆಯಲ್ಲಿ ಎರಡು ಕೆಂಪು ಕಲೆ ತೋರಿಸಿ, ಖಜಾನೆಯ ದುಡ್ಡು ಕೇಳದೆ ಖರ್ಚು ಮಾಡಿದ ಆಪಾದನೆ ಹೊತ್ತ ವಿರೂಪಣ್ಣ ತನ್ನ ಕಣ್ಣನ್ನು ತಾನೇ ಕಿತ್ತು ಎಸೆದ ಜಾಗ ಇದು ಎಂದು ಹೇಳುತ್ತಾರೆ. ನಿಜವೋ ಕಥೆಯೋ, ಬಂದವರೆಲ್ಲ ಆ ಎರಡು ಕಲೆಯನ್ನು ಬಗ್ಗಿ ಬಗ್ಗಿ ನೋಡುತ್ತಾರೆ. ಕಣ್ಣು ಅಂದರೆ ನಮಗೆ ಅಷ್ಟು ಮೋಹ.

ತೊಗಲುಗೊಂಬೆಯವರಿಗೂ ಇದು ಗೊತ್ತಿತ್ತು. ಧರ್ಮಾವರದ ಹತ್ತಿರದ ನಿಮ್ಮಲಕುಂಟೆಯ ಗೊಂಬೆ ಕಲಾವಿದರ ಹೆಸರನ್ನು ನೀವು ಕೇಳಿರುತ್ತೀರಿ. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆಡಿನ ಚರ್ಮವನ್ನು ಹದಮಾಡಿ, ಕಪ್ಪು ಗೆರೆಯಲ್ಲಿ ಸೀತೆಯನ್ನು ಬರೆದು, ಒಡವೆಯ ಜಾಗದಲ್ಲಿ ಸಣ್ಣ ಸಣ್ಣ ತೂತು ಹೊಡೆಯುತ್ತಾರೆ. ಸೀತೆಯ ಮುಖ ಒಂದು ಸಲ ಬರೆದರೆ ಮುಗಿಯಿತು. ಮದುವೆಯಲ್ಲೂ ಅದೇ ಮುಖ, ಅಶೋಕವನದಲ್ಲೂ ಅದೇ ಮುಖ. ಆಡಿಸುವವನು ಗೊಂಬೆಯನ್ನು ಸ್ವಲ್ಪ ವಾಲಿಸುತ್ತಾನೆ, ಪರದೆಯಿಂದ ಒಂದಿಷ್ಟು ಹಿಂದಕ್ಕೆ ತರುತ್ತಾನೆ, ನೆರಳು ಮಸುಕಾಗುತ್ತದೆ. ಮುಂದೆ ಕೂತ ಅಜ್ಜಿ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ಅಳು ಅಜ್ಜಿಯದ್ದು, ಚರ್ಮದ್ದಲ್ಲ. ಇನ್ನು ಬಂಗಾರಕ್ಕ ಬಂದಳೆಂದರೆ ಅದೇ ಪರದೆಯ ಮೇಲೆ ಬೈಗುಳ, ಜಗಳ, ನಗು. ಮಕ್ಕಳ ಚಿತ್ರಗಳಲ್ಲಿ ಒಬ್ಬಳೇ ಒಬ್ಬ ಬಂಗಾರಕ್ಕ ಇರಲಿಲ್ಲವಲ್ಲ ಅನ್ನುವುದು ನನ್ನ ಕೊರಗು. ನಮ್ಮೂರಲ್ಲಿ ಅಂಥವರಿಗೆ ಬರವೇ? ನಲ್ಲಿ ಹತ್ತಿರ ಹೋಗಿ ನೋಡಿದ್ದರೆ ಸಾಕಿತ್ತು.

ಹಾಗಾದರೆ ದೊಡ್ಡ ಕಣ್ಣು, ಉದ್ದ ಜಡೆ ಮಕ್ಕಳಿಗೆ ಎಲ್ಲಿಂದ ಬಂತು? ನಮ್ಮದು ಎರಡು ಭಾಷೆಯ ಸೀಮೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಕನ್ನಡ ವಾರಪತ್ರಿಕೆ ಓದುವ ಮನೆಗೂ ತೆಲುಗು ವಾರಪತ್ರಿಕೆ ಬರುತ್ತಿತ್ತು. ಅದರಲ್ಲಿ ಬಾಪು ಅವರ ಬೊಮ್ಮೆಗಳು. ಬಾಪು (1933–2014) ಎಂದರೆ ಸತ್ತಿರಾಜು ಲಕ್ಷ್ಮೀನಾರಾಯಣ. ಸಿನಿಮಾ ತೆಗೆದರು, ಅವರ ಕೈಬರಹವೇ ಅಚ್ಚಿನ ಅಕ್ಷರವಾಯಿತು. ತೆಲುಗಿನಲ್ಲಿ ಚೆಂದದ ಹುಡುಗಿಗೆ 'ಬಾಪು ಬೊಮ್ಮ' ಅನ್ನುವುದು ಮಾತಾಗಿಬಿಟ್ಟಿದೆ. ನಮ್ಮ ಮನೆಗಳಲ್ಲೂ ಹೆಣ್ಣು ನೋಡಿ ಬಂದವರು ಹಾಗೆ ಅಂದದ್ದು ಕೇಳಿದ್ದೇನೆ.

ಬಾಪು ಗೆರೆಯನ್ನು ನಾನು ಹಳಿಯಲಾರೆ. ನಾಲ್ಕು ಗೆರೆಯಲ್ಲಿ ಒಬ್ಬ ಹೆಂಗಸು ತಿರುಗಿ ನಿಂತಿರುತ್ತಾಳೆ. ಕುತ್ತಿಗೆಯ ಆ ತಿರುವಿನಲ್ಲಿ ಮುನಿಸೋ ಬಿಂಕವೋ ಗೊತ್ತಾಗಿಬಿಡುತ್ತದೆ. ಗೆರೆ ಎಲ್ಲಿ ದಪ್ಪ ಆಗಬೇಕು, ಎಲ್ಲಿ ಕೂದಲಿನಷ್ಟು ಸಣ್ಣಗಾಗಿ ಮಾಯವಾಗಬೇಕು ಎನ್ನುವುದು ಅವರಿಗೆ ಒಲಿದಿತ್ತು. ಆದರೆ ಅವರನ್ನು ನಕಲು ಮಾಡಿದವರು ಕಣ್ಣು, ಜಡೆ, ನಡು ಇಷ್ಟನ್ನೇ ತೆಗೆದುಕೊಂಡರು, ಕುತ್ತಿಗೆಯ ತಿರುವನ್ನು ಅಲ್ಲೇ ಬಿಟ್ಟರು. ನನ್ನದೊಂದು ತಕರಾರು ಬಾಪು ಅವರ ಮೇಲೂ ಇದೆ. ಅವರ ಎಷ್ಟೋ ಹೆಂಗಸರಿಗೆ ತಮ್ಮನ್ನು ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಿರುತ್ತದೆ. ನೋಡಿಸಿಕೊಳ್ಳುವವಳ ಭಾವ ಬೇರೆ, ನೋಡುವವರು ಯಾರೂ ಇಲ್ಲದಾಗಿನ ಭಾವ ಬೇರೆ. ಎರಡನೆಯದನ್ನು ಬರೆಯುವುದು ಹೆಚ್ಚು ಕಷ್ಟ.

ನೋಡುವವನ ಮಾತು ಬಂದಾಗ ನಮ್ಮ ಜಿಲ್ಲೆಯವರಿಗೆ ನೆನಪಾಗಬೇಕಾದ ಒಂದು ಬರ ಇದೆ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರದ ಬರ. ಆಗ ಅನಂತಪುರ ಬೇರೆ ಜಿಲ್ಲೆಯಾಗಿರಲಿಲ್ಲ, ಬಳ್ಳಾರಿಯೊಳಗೇ ಇತ್ತು, ಬೇರೆಯಾದದ್ದು 1882ರಲ್ಲಿ. ಆ ಬರದಲ್ಲಿ ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮದ್ರಾಸ್ ಪ್ರಾಂತ್ಯದ ಹಸಿದ ಜನರನ್ನು ಗುಂಪಾಗಿ ಕೂರಿಸಿ ಫೋಟೋ ತೆಗೆದ. ಎದೆಗೂಡು ಎಣಿಸಬಹುದಾದ ತಾಯಂದಿರು, ಮಕ್ಕಳು. ಫೋಟೋ ತೆಗೆದವನು ಅವರಿಗೆ ಏನು ಮಾಡಿದ ಎಂದು ಆ ಕಾಲದಲ್ಲೇ ಅವನನ್ನು ಟೀಕಿಸಿದರು. ಆ ಫೋಟೋಗಳಲ್ಲಿ ಸುಳ್ಳು ಏನೂ ಇಲ್ಲ. ಆದರೂ ಹೀಗೆ ಕೂರು, ಹೀಗೆ ನೋಡು ಎಂದವನ ನೆರಳು ಅವುಗಳ ಮೇಲೆ ಬಿದ್ದಿದೆ ಅನ್ನಿಸುತ್ತದೆ.

ಇದರ ಪಕ್ಕದಲ್ಲಿ 1943ರ ಬಂಗಾಳದ ಬರದ ಚಿತ್ರಗಳನ್ನು ಇಟ್ಟು ನೋಡಬೇಕು. ಜೈನುಲ್ ಆಬೆದಿನ್ ಎಂಬ ಕಲಾವಿದ ಆಗ ಕಲ್ಕತ್ತೆಯಲ್ಲಿದ್ದರು, ಇನ್ನೂ ಮೂವತ್ತು ತುಂಬಿರಲಿಲ್ಲ. ಒಳ್ಳೆ ಕಾಗದ ಇಲ್ಲ, ಸಾಮಾನು ಕಟ್ಟುವ ಅಗ್ಗದ ಕಾಗದ. ಮಸಿಯನ್ನು ಇದ್ದಿಲಿನಿಂದ ತಾವೇ ಮಾಡಿಕೊಂಡರು. ಕುಂಚವನ್ನು ಒಣಒಣವಾಗಿ ಎಳೆದು ಬೀದಿಯಲ್ಲಿ ಬಿದ್ದ ತಾಯಿ, ಮಗು, ಕಾಗೆ ಇವುಗಳನ್ನು ಬರೆದರು. ಮುಖಕ್ಕೆ ಹೆಚ್ಚು ಗೆರೆ ಖರ್ಚು ಮಾಡುವುದಿಲ್ಲ. ಮಗುವನ್ನು ಹಿಡಿದ ತೋಳಿನ ಮೂಳೆ, ಬಗ್ಗಿದ ಬೆನ್ನು ಇವೇ ಚಿತ್ರವನ್ನು ಹೊತ್ತು ನಿಂತಿವೆ. ಆ ತಾಯಿ ನಮ್ಮನ್ನು ನೋಡುವುದೇ ಇಲ್ಲ. ನಮ್ಮ ಕನಿಕರ ಅವಳಿಗೆ ಬೇಕಾಗಿಲ್ಲ, ಅನ್ನ ಬೇಕು.

ನಮ್ಮ ಕನ್ನಡದವರಲ್ಲಿ ಗೆರೆಗೆ ದೊಡ್ಡ ಹೆಸರು ಕೆ. ಕೆ. ಹೆಬ್ಬಾರರದು (1911–1996). ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದವರು. ಲಯ ಅಂದರೇನು ಎಂದು ಮೈಯಿಂದಲೇ ತಿಳಿಯಬೇಕೆಂದು ಕಥಕ್ ನೃತ್ಯವನ್ನು ಕಲಿತರು. ಅವರ ಗೆರೆಯ ಚಿತ್ರಗಳ ಪುಸ್ತಕಕ್ಕೆ 'ಹಾಡುವ ಗೆರೆ' ಅನ್ನುವ ಅರ್ಥದ ಇಂಗ್ಲಿಷ್ ಹೆಸರಿದೆ. ಅವರ ನರ್ತಕಿಯರಲ್ಲಿ ಗೆರೆ ಹಿಮ್ಮಡಿಯಿಂದ ಹೊರಟು ಬೆರಳ ತುದಿಗೆ ಹೋಗಿ ನಿಲ್ಲುತ್ತದೆ. ಆನಂದವನ್ನು ಹಾಗೆ ಬರೆದವರು ಕಡಿಮೆ. ಹೆಬ್ಬಾರರ ಬಗ್ಗೆ ಇನ್ನೂ ಬರೆಯಬಹುದು. ಆದರೆ ನನ್ನ ಕಾಲೆಳೆಯುತ್ತಿರುವುದು ಹಗ್ಗಕ್ಕೆ ಕಟ್ಟಿದ ಆ ಚಿತ್ರಗಳು.

ಅಲ್ಲಿದ್ದ ಒಂದು ಚಿತ್ರ ಏಳನೇ ಕ್ಲಾಸಿನ ಹುಡುಗಿಯದು. ಅವಳ ತಾಯಿ ಹುಣಸೆಹಣ್ಣಿನ ಕೆಲಸಕ್ಕೆ ಹೋಗುವವರು. ಹಿಂದೂಪುರದ ಮಾರುಕಟ್ಟೆಗೆ ಹುಣಸೆ ಬರುವ ಕಾಲದಲ್ಲಿ ನಮ್ಮ ಕಡೆಯ ಹೆಂಗಸರಿಗೆ ಅದೇ ಕೂಲಿ. ಓಡು ಬಿಡಿಸಿ, ನಾರು ಎಳೆದು, ಬಡಿದು ಬೀಜ ತೆಗೆಯಬೇಕು. ಕೂಲಿ ಕೆಜಿ ಲೆಕ್ಕ. ಹುಡುಗಿ ಮೊದಲು ತಂದು ತೋರಿಸಿದಾಗ ತಾಯಿಯ ಮುಖ ಸುಮ್ಮನಿತ್ತು. ಚೆನ್ನಾಗಿಯೇ ಬರೆದಿದ್ದಳು. ನಾನು ನೋಡಿ, "ಎಲ್ಲಾ ಸರಿ ಕಣಮ್ಮ, ಭಾವ ಬರ್ಲಿಲ್ಲ. ಕಷ್ಟಪಡೋ ತಾಯಿ ಅಲ್ವಾ? ಕಣ್ಣು ಸ್ವಲ್ಪ ದೊಡ್ಡದು ಮಾಡಿ ಒಂದು ಹನಿ ಹಾಕು" ಅಂದೆ. ಮೇಷ್ಟ್ರು ಹೇಳಿದ ಮೇಲೆ ಆಯಿತಲ್ಲ, ಹಾಕಿದಳು. ಬಹುಮಾನ ಕೊಡುವವರಲ್ಲಿ ನಾನೂ ಒಬ್ಬ. ಮೊದಲನೇ ಬಹುಮಾನ ಅದಕ್ಕೇ ಬಂತು.

ಮೂರನೇ ದಿನ ತಾಯಿ ಬಂದರು. ಕೆಲಸ ಮುಗಿಸಿ ನೇರ ಬಂದಿದ್ದರು ಅನ್ನಿಸುತ್ತದೆ, ಸೆರಗಿನಲ್ಲಿ ಹುಣಸೆ ನಾರು ಅಂಟಿತ್ತು. ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಮಗಳ ಕಡೆ ತಿರುಗದೆ ನನ್ನನ್ನೇ ಕೇಳಿದರು: "ನಾನ್ಯಾವತ್ತು ಹಿಂಗ್ ಅಳ್ತಾ ಕೂತಿದ್ದೆ ಸಾರ್? ಅತ್ಕೊಂಡ್ ಕೂತ್ರೆ ಯಾರ್ ಕೂಲಿ ಕೊಡ್ತಾರೆ?"

ಕೋಪದಲ್ಲಿ ಕೇಳಿದ್ದಲ್ಲ. ಅಷ್ಟಕ್ಕೇ ಅದು ಇನ್ನೂ ಜೋರಾಗಿ ತಾಗಿತು. ನಾನು "ಮಕ್ಕಳು ಪ್ರೀತಿಯಿಂದ ಬರೀತಾರಮ್ಮ" ಅಂತ ಏನೋ ಅಂದೆ. ತಪ್ಪು ಹುಡುಗಿಯ ತಲೆಗೆ ಕಟ್ಟಿದ ಹಾಗಾಯಿತು. ಹುಡುಗಿ ಅಲ್ಲೇ ನಿಂತಿದ್ದಳು, ಬಾಯಿ ಬಿಡಲಿಲ್ಲ.

ಅವತ್ತು ರಾತ್ರಿ ನಾನು ಮತ್ತೆ ಬೀಗ ತೆಗೆದು ಕಲ್ಯಾಣದುರ್ಗದ ಕಡೆಯಿಂದ ಬಂದ ಚಿತ್ರಗಳನ್ನು ನೋಡಿದೆ. ಅದರಲ್ಲಿ ಒಂದಕ್ಕೆ ಸಮಾಧಾನಕರ ಬಹುಮಾನವನ್ನೂ ಕೊಟ್ಟಿರಲಿಲ್ಲ. ಒಬ್ಬ ಹುಡುಗ ಅಜ್ಜಿ ಕಡಲೆಕಾಯಿ ಕೇರುವುದನ್ನು ಬರೆದಿದ್ದ. ಮೊರ ದೊಡ್ಡದಾಗಿ ಮುಖಕ್ಕೇ ಅಡ್ಡ ಬಂದಿದೆ. ಮುಖ ಬರೆಯಲು ಜಾಗ ಇಲ್ಲದೆ ಕಣ್ಣು, ಮೂಗು ಬಿಟ್ಟೇ ಬಿಟ್ಟಿದ್ದಾನೆ. ಹೊಟ್ಟು ಹಾರುವುದಕ್ಕೆ ಮಸಿಯನ್ನು ಬ್ರಷ್ಷಿನಿಂದ ಕೊಡವಿದ್ದಾನೆ, ಕಾಗದದ ತುಂಬ ಚುಕ್ಕೆ. 'ಗಲೀಜು' ಎಂದು ನಾವು ಮೂವರೂ ಪಕ್ಕಕ್ಕಿಟ್ಟಿದ್ದೆವು. ಈಗ ನೋಡಿದರೆ ಅಜ್ಜಿಯ ಮೊಣಕೈ ಮೈಗೆ ಒತ್ತಿಕೊಂಡಿದೆ, ಎಡಗಾಲು ಒಂದಿಷ್ಟು ಮುಂದೆ ಇದೆ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತ ಅವಳಿಗೆ ಗೊತ್ತಿದೆ. ಆ ಹೆಂಗಸಿಗೆ ಆ ಹೊತ್ತು ಏನು ಅನ್ನಿಸುತ್ತಿತ್ತು ಎಂದು ನನ್ನನ್ನು ಕೇಳಿದರೆ ಹೇಳಬಲ್ಲೆ: ಮಳೆ ಬರೋದ್ರೊಳಗೆ ಮುಗೀಬೇಕು. ನವರಸದ ಪಟ್ಟಿಯಲ್ಲಿ ಇದಕ್ಕೆ ಹೆಸರಿಲ್ಲ.

ಮಸಿಯ ಗುಣವೇ ಅಂಥದು ಎಂದು ಕಾಣುತ್ತದೆ. ಪೆನ್ಸಿಲ್ಲಾದರೆ ಅಳಿಸಬಹುದು, ಬಣ್ಣವಾದರೆ ಮೇಲೆ ಇನ್ನೊಂದು ಬಳಿಯಬಹುದು. ಮಸಿ ಬಿದ್ದರೆ ಬಿತ್ತು. ನಮ್ಮ ಅಜ್ಜಿಯರು ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ ಹಿಡಿಯುತ್ತಿದ್ದ ಕಾಡಿಗೆಯೂ, ಬಾಟಲಿಯಲ್ಲಿ ಬರುವ ಇಂಡಿಯನ್ ಇಂಕೂ ಮೂಲದಲ್ಲಿ ಒಂದೇ, ದೀಪದ ಹೊಗೆಯ ಕಪ್ಪು. ಒಂದಕ್ಕೆ ಎಣ್ಣೆ ಬೆರೆಸುತ್ತಾರೆ, ಇನ್ನೊಂದಕ್ಕೆ ಅಂಟು. ನಾವು ಆ ಕಪ್ಪನ್ನು ಕಣ್ಣಿಗೇ ಹಚ್ಚಿ ಹಚ್ಚಿ ಅಭ್ಯಾಸವಾಗಿ, ಕಾಗದದ ಮೇಲೂ ಕಣ್ಣಿನ ಹತ್ತಿರವೇ ಸುರಿಯುತ್ತೇವೋ ಏನೋ.

ಕಣ್ಣೀರು ಬರೆಯಲೇಬಾರದು ಎಂದು ನಾನು ಹೇಳುತ್ತಿಲ್ಲ. ಹಗ್ಗದ ಮೇಲೆ ಒಂದು ಚಿತ್ರದಲ್ಲಿ ಹನಿ ಸರಿಯಾಗಿಯೇ ಇತ್ತು. ಈರುಳ್ಳಿ ಹೆಚ್ಚುವ ಅತ್ತಿಗೆ. ಕಣ್ಣು ಮುಚ್ಚಿ, ತುಟಿ ಬಿಗಿದು, ಮುಖ ಆಚೆ ತಿರುಗಿಸಿಕೊಂಡು, ಕೈ ಮಾತ್ರ ಈಳಿಗೆಮಣೆಯ ಮೇಲೆ. ನೋಡಿದವರೆಲ್ಲ ನಕ್ಕರು. ನಮ್ಮ ಪ್ರದರ್ಶನದಲ್ಲಿ ಕಾರಣ ಗೊತ್ತಿದ್ದ ಕಣ್ಣೀರು ಅದೊಂದೇ.

ಶಾಲೆ ಮತ್ತೆ ಶುರುವಾದ ಮೇಲೆ ಆ ಹುಡುಗಿ ಇನ್ನೊಂದು ಚಿತ್ರ ತಂದಳು. ನಾನು ಕೇಳಿರಲಿಲ್ಲ. ತಂದು ಮೇಜಿನ ಮೇಲಿಟ್ಟು ಹೋದಳು. ತಾಯಿ ನೆಲದ ಮೇಲೆ ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ ಕೂತಿದ್ದಾರೆ. ಮುಖ ಕೆಳಗೆ ಬಗ್ಗಿದೆ, ಬೈತಲೆ ಕಾಣುತ್ತದೆ, ಮೂಗಿನ ತುದಿ ಕಾಣುತ್ತದೆ, ಕಣ್ಣು ಇಲ್ಲ. ಎಡಗೈಯಲ್ಲಿ ಹುಣಸೆ, ಬಲಗೈಯಲ್ಲಿ ಸುತ್ತಿಗೆ. ಪಕ್ಕದಲ್ಲಿ ಬೀಜದ ಗುಡ್ಡೆ. ತಪ್ಪುಗಳು ಇವೆ. ಚಾಚಿದ ಕಾಲು ಗಿಡ್ಡವಾಯಿತು, ಗೋಡೆಯ ಗೆರೆ ವಾಲಿದೆ, ಒಂದು ಕಡೆ ಮಸಿ ಚೆಲ್ಲಿದ್ದನ್ನು ಬೆಕ್ಕು ಮಾಡಿ ಸುಧಾರಿಸಿದ್ದಾಳೆ. ಆದರೆ ತುಟಿ ಒಂದಿಷ್ಟು ತೆರೆದಿದೆ. ಅದೇನು ಎಂದು ಎರಡು ದಿನ ನನಗೆ ತಿಳಿಯಲಿಲ್ಲ. ಹಾಡು ಹೇಳುತ್ತಿದ್ದಾರೋ, ಯಾರನ್ನೋ ಕರೆಯುತ್ತಿದ್ದಾರೋ ಎಂದುಕೊಂಡೆ. ಕೊನೆಗೆ ಹುಡುಗಿಯನ್ನೇ ಕೇಳಿದೆ.

"ಲೆಕ್ಕ ಹಾಕ್ತಾವ್ರೆ ಸಾರ್. ಬೆಳಗ್ಗಿಂದ ಎಷ್ಟು ಕೆಜಿ ಆಯ್ತು ಅಂತ."

ಆ ಚಿತ್ರ ಈಗ ವಾಚನಾಲಯದಲ್ಲಿ ಪೇಪರು ಓದುವ ಮೇಜಿನ ಮೇಲ್ಗಡೆ ಇದೆ. ತಾಯಿ ಒಂದು ಸಲ ಬಂದು ನೋಡಿದರು. "ಕೈ ದಪ್ಪ ಬರ್ದವ್ಳೆ" ಅಂದರು. ಆಮೇಲೆ ತಮ್ಮ ಬಲಗೈಯನ್ನು ಮೇಲೆತ್ತಿ ಒಂದು ಸಲ ನೋಡಿಕೊಂಡು, "ಇದ್ರೂ ಇರ್ಬೋದು ಬಿಡಿ" ಎಂದು ನಕ್ಕು, ಬೆಕ್ಕು ಯಾರ ಮನೇದು ಎಂದು ಮಗಳನ್ನು ಕೇಳಿದರು.